ಹಿಂದೆ ಸರಿಯಬಾರದ ಲಾರಿ

ಇಸೆ ಕೊಲ್ಲಿಯ ಬಿರುಗಾಳಿ ನಗೋಯಾದ ದಕ್ಷಿಣದ ಬೀದಿಗಳನ್ನು ನೀರಿಗೆ ಒಪ್ಪಿಸಿಹೋದ ವರ್ಷ, ಅಸಾಯಿ ಕುನಿಯೊ ಒಂದು ಮುಳುಗಿದ ಸಿನಿಮಾ ಮಂದಿರದ ದನಿಯನ್ನು ಮರಳಿ ತಂದಿದ್ದನು.

ಆಗ ಅವನು ಆ ಮಂದಿರದಲ್ಲಿ ಚಿತ್ರ ಓಡಿಸುವವನ ಕೈಕೆಳಗೆ ದುಡಿಯುತ್ತಿದ್ದ ತರುಣ. ಗಾಳಿ ನಿಂತು ಎಷ್ಟೋ ವಾರ ಕಳೆದರೂ ನೀರು ಇಳಿಯಲಿಲ್ಲ. ಪರದೆಯ ಹಿಂದೆ ಉಪ್ಪುಕೆಸರಿನಲ್ಲಿ ಮುಳುಗಿ ನಿಂತಿದ್ದ ಜೋಡಿ ಸ್ಪೀಕರುಗಳನ್ನು ಮಾಲೀಕನೇ ಸತ್ತವೆಂದು ಕೈಬಿಟ್ಟಿದ್ದನು. ಕುನಿಯೊ ಮುರಿದ ಬಾಗಿಲೊಂದನ್ನೇ ತೆಪ್ಪವಾಗಿ ಮಾಡಿಕೊಂಡು ಅವುಗಳನ್ನು ಹೊರಗೆ ತಂದನು. ಒಳಗೆ ನಡುಗಿ ದನಿ ಹೊರಡಿಸುವ ಕಾಗದದ ಕೋನುಗಳನ್ನು ಸಿಹಿನೀರಿನಲ್ಲಿ ತೊಳೆತೊಳೆದು ಉಪ್ಪು ಬಿಡಿಸಿದನು, ನೆರಳಿನಲ್ಲಿ ಒಣಗಿಸಿದನು, ಹರಿದ ಕಡೆ ಮಿನೊ ಊರಿನ ಕೈಕಾಗದದ ತೇಪೆಯಿಟ್ಟು, ಕಾಗದ ಗಟ್ಟಿಯಾಗಲೆಂದು ಅದರ ಮೇಲೆ ಪರ್ಸಿಮನ್ ಕಾಯಿಯ ಒಗರು ರಸವನ್ನು ಬಳಿದನು. ಚಳಿಗಾಲ ಮುಗಿಯುವಷ್ಟರಲ್ಲಿ ಅವನ ಬೆರಳ ತುದಿಗಳು ಒಡೆದು ರಕ್ತ ಬಂದಿತ್ತು. ಆದರೆ ಚೆರ್ರಿ ಮರಗಳು ಮೊಗ್ಗಾಗುತ್ತಿದ್ದ ಒಂದು ಮುಂಜಾನೆ ಆ ಎರಡು ಪೆಟ್ಟಿಗೆಗಳೂ ಗಂಟಲು ಸರಿಪಡಿಸಿಕೊಂಡು ಹಾಡಿದವು. ಹೊಸದಾಗಿದ್ದಾಗಲೂ ಅವು ಹಾಗೆ ಹಾಡಿರಲಿಲ್ಲವೆಂದು ಆ ಮಂದಿರದ ಮುದುಕ ಟಿಕೆಟಿನವನು ಕಣ್ಣೊರೆಸಿಕೊಂಡು ಹೇಳಿದ್ದನು.

ಮುಂದೆ ಕುನಿಯೊ ಓಸು ಬಡಾವಣೆಯಲ್ಲಿ, ಕನ್ನೊನ್ ದೇವಿಯ ಗುಡಿಯ ಹಿಂದಿನ ಸಂದಿಯಲ್ಲಿ, ತನ್ನದೇ ಆದ ಅಂಗಡಿ ತೆರೆದನು. ಬಲ್ಬಿನಂತೆ ಬೆಳಗುವ ಗಾಜಿನ ವಾಲ್ವುಗಳುಳ್ಳ ಅಮೆರಿಕದ ಹಳೆಯ ಆಂಪ್ಲಿಫೈಯರುಗಳು, ಇಂಗ್ಲೆಂಡಿನ ಸ್ಪೀಕರುಗಳು, ಜಪಾನಿನ ಹೊಸ ಕಂಪನಿಗಳ ಥಳಥಳಿಸುವ ಸೆಟ್ಟುಗಳು ಎಲ್ಲವೂ ಬಂದವು, ಹೋದವು. ಮಂದಿರದ ಮಾಲೀಕನು ಅವನಿಗೇ ಬಿಟ್ಟುಕೊಟ್ಟಿದ್ದ, ಕಿಸೊ ಕಾಡಿನ ಮರದಲ್ಲಿ ಹೊಸ ಪೆಟ್ಟಿಗೆ ಕಟ್ಟಿಸಿಕೊಂಡ ಆ ಜೋಡಿ ಮಾತ್ರ ಅಂಗಡಿಯ ಹಿಂಗೋಡೆಯನ್ನು ಬಿಟ್ಟು ಕದಲಲಿಲ್ಲ. ಕೊಳ್ಳಲು ಕೇಳಿದವರಿಗೆಲ್ಲ ಅವನು ಇಲ್ಲವೆಂದೇ ಹೇಳುತ್ತ ಬಂದನು.

ನಿವಾ ಗೆಂಜೊ ತನ್ನ ಮಗಳು ಚಿಜುರುವನ್ನು ಕರೆದುಕೊಂಡು ಆ ಅಂಗಡಿಗೆ ಬಂದದ್ದು ಬಹಳ ವರ್ಷಗಳ ಮೇಲೆ, ಬಟ್ಟೆಯ ವ್ಯಾಪಾರ ಕುಸಿದು ಸರ್ಕಾರವು ಹೆಚ್ಚಾದ ಮಗ್ಗಗಳನ್ನು ಕೊಂಡು ಸುತ್ತಿಗೆಯಿಂದ ಒಡೆಸುತ್ತಿದ್ದ ಕಾಲದಲ್ಲಿ. ಗೆಂಜೊ ಇಚಿನೊಮಿಯಾದ ಉಣ್ಣೆ ಗಿರಣಿಯೊಂದರ ಯಜಮಾನ. ಬದುಕನ್ನೆಲ್ಲ ಮಗ್ಗಗಳ ಗದ್ದಲದಲ್ಲಿ ಕಳೆದವನಾದುದರಿಂದ ಅವನ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಎದುರಿನವರ ತುಟಿಯ ಚಲನೆಯಿಂದಲೇ ಮಾತು ತಿಳಿಯುತ್ತಿದ್ದನು. ತಾನು ಆಡುವ ಮಾತನ್ನು ಮಾತ್ರ ಬೀದಿಗೆಲ್ಲ ಹಂಚುತ್ತಿದ್ದನು.

"ಮಗಳ ಮದುವೆ ಸಾಮಾನಿಗೆ ಸ್ಟೀರಿಯೊ ಬೇಕು. ಗುಂಡಿ ಜಾಸ್ತಿ ಇರ್ಬೇಕು, ದೀಪ ಜಾಸ್ತಿ ಇರ್ಬೇಕು. ಲಾರಿ ಹೋಗ್ತಿದ್ರೆ ಬೀದಿ ಕೊನೇಲಿರೋ ಮುದುಕಿಗೂ ಕಾಣ್ಬೇಕು."

ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವ ಮನೆಯ ಮಾನವು ಲಾರಿಯ ಮೇಲೆ ಹೋಗುತ್ತದೆ. ಬೀರುಗಳು, ಕಿಮೊನೊಗಳು, ರೇಷ್ಮೆಯ ಹಾಸಿಗೆಗಳು, ಹೊಲಿಗೆ ಯಂತ್ರ ಎಲ್ಲವನ್ನೂ ಏರಿಸಿ, ಕೆಂಪು ಬಿಳಿ ಪಟ್ಟೆಯ ಪರದೆ ಕಟ್ಟಿ, ಶುಭದಿನ ನೋಡಿ ಗಂಡಿನ ಮನೆಗೆ ಕಳುಹಿಸುತ್ತಾರೆ. ಆ ಲಾರಿ ಒಮ್ಮೆ ತವರಿನ ಹೊಸ್ತಿಲು ಬಿಟ್ಟಿತೆಂದರೆ ಒಂದು ಗೇಣೂ ಹಿಂದಕ್ಕೆ ಸರಿಯಬಾರದು. ಲಾರಿ ಹಿಂದಕ್ಕೆ ಬಂದರೆ ಮಗಳೂ ಹಾಗೆಯೇ ಹಿಂದಕ್ಕೆ ಬರುತ್ತಾಳೆ. ಕಿರುದಾರಿಯಲ್ಲಿ ಬೇರೆ ಗಾಡಿ ಎದುರಾದರೆ, ಸಂಪ್ರದಾಯ ಬಲ್ಲವನು ತಾನೇ ಸರಿದು ದಾರಿ ಬಿಡುತ್ತಾನೆ. ಅರಿಯದವನ ಕೈಗೆ ಕಾಣಿಕೆಯ ಲಕೋಟೆಯಿತ್ತು ಕೈಮುಗಿಯಬೇಕು.

ಗೆಂಜೊ ಒಂದೊಂದೇ ಸೆಟ್ಟಿನ ಗುಂಡಿಗಳನ್ನು ತಿರುಗಿಸಿ ನೋಡುತ್ತಿರುವಾಗ ಚಿಜುರು ಹಿಂಗೋಡೆಯ ಕಡೆಗೆ ಹೋಗಿದ್ದಳು. ಅಲ್ಲಿ ಆ ಜೋಡಿ ಸ್ಪೀಕರುಗಳಲ್ಲಿ ಒಬ್ಬ ಮುದಿ ಗಾಯಕಿಯ ಹಾಡು ಸಣ್ಣಗೆ ಬರುತ್ತಿತ್ತು. ರೆಕಾರ್ಡಿನ ಮಗ್ಗುಲು ಮುಗಿಯುವವರೆಗೂ ಮಾತನಾಡಕೂಡದೆಂಬುದು ಆ ಅಂಗಡಿಯ ಕಟ್ಟಳೆ. ಅದನ್ನು ಯಾರೂ ಹೇಳದೆಯೇ ಅವಳು ಪಾಲಿಸಿದಳು. ಹಾಡು ನಿಂತ ಮೇಲೆಯೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಅನಂತರ ತಿರುಗಿದಳು.

"ಇದು ಕಿರುಚಲ್ಲ," ಎಂದಳು. "ನಮ್ಮನೇಲಿ ಎಲ್ಲಾ ಕಿರುಚುತ್ತೆ. ಇದು ಕಿರುಚದೇನೇ ಕೇಳಿಸುತ್ತೆ. ನಂಗೆ ಇದೇ ಬೇಕು."

ಇಲ್ಲವೆನ್ನಲು ಕುನಿಯೊ ಬಾಯಿ ತೆರೆದನು. ಎಷ್ಟೋ ವರ್ಷಗಳಿಂದ ನಾಲಿಗೆಗೆ ರೂಢಿಯಾಗಿದ್ದ ಆ ಮಾತು ಅಂದು ಮಾತ್ರ ಹೊರಡಲಿಲ್ಲ. ಈ ಸ್ಪೀಕರಿಗೆ ಸಿಕ್ಕಸಿಕ್ಕ ಆಂಪ್ಲಿಫೈಯರು ಹೊಂದುವುದಿಲ್ಲ, ಒಂದೊಂದನ್ನೇ ಜೋಡಿಸಿ ಕೇಳಿ ಆರಿಸಬೇಕು, ಕೇಳುವವರ ಕಿವಿಯೇ ಬಂದು ಆರಿಸಬೇಕು ಎಂದು ತನ್ನದೇ ದನಿ ಹೇಳುತ್ತಿರುವುದನ್ನು ಅವನು ಬೆರಗಿನಿಂದ ಕೇಳಿಸಿಕೊಂಡನು. ಗೆಂಜೊ ಪೆಟ್ಟಿಗೆಗಳ ಎತ್ತರವನ್ನು ತನ್ನ ಎದೆಗೆ ಅಳೆದು ನೋಡಿ, ಲಾರಿಯ ಮೇಲೆ ಚೆನ್ನಾಗಿಯೇ ಕಾಣುತ್ತದೆಂದು ಒಪ್ಪಿದನು. ಶನಿವಾರ ಶನಿವಾರ ಮಗಳನ್ನು ರೈಲಿನಲ್ಲಿ ಕಳುಹಿಸುವುದೆಂದು ಮಾತಾಯಿತು.

ಹೀಗೆ ಶನಿವಾರಗಳು ಆರಂಭವಾದವು.

ಅವಳು ಬರುವಾಗ ಅಕ್ಕಿಹಿಟ್ಟಿನ ಸಿಹಿಯನ್ನು ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು. ಅವನು ಮೂಲೆಯ ಕಾಫಿ ಅಂಗಡಿಯಿಂದ ಕಾಫಿ ತರಿಸುತ್ತಿದ್ದನು. ಅನಂತರ ಬಾಗಿಲ ಪರದೆ ಎಳೆದು, ಅದೇ ಮುದಿ ಗಾಯಕಿಯ ಅದೇ ಹಾಡನ್ನು, ವಾರಕ್ಕೊಂದು ಆಂಪ್ಲಿಫೈಯರಿನ ಮೂಲಕ ಇಬ್ಬರೂ ಕೇಳುತ್ತಿದ್ದರು.

ಮೊದಲನೆಯದು ಗೆಂಜೊ ಮೆಚ್ಚಿದ ಹೊಸ ಟ್ರಾನ್ಸಿಸ್ಟರ್ ಸೆಟ್ಟು. ಅದರ ಬಲಕ್ಕೆ ಆ ಹಳೆಯ ಕಾಗದದ ಕೋನುಗಳು ನಡುಗಿದವು. ಗಾಯಕಿಯನ್ನು ಪೊಲೀಸ್ ಠಾಣೆಯ ದೀಪದ ಕೆಳಗೆ ಕೂರಿಸಿ ಹಾಡಿಸಿದ ಹಾಗಿದೆ ಎಂದಳು ಚಿಜುರು. ಎರಡನೆಯದು ಅಮೆರಿಕದ ದೊಡ್ಡ ವಾಲ್ವ್ ಆಂಪ್ಲಿಫೈಯರು. ದನಿಗೆ ಬೆಚ್ಚನೆಯ ಮೈ ಬಂದಿತು, ಆದರೆ ಕಾಲು ಭಾರವಾಯಿತು. ಅದನ್ನು ಕೇಳಿ ಮುಗಿಸಿ ಅವಳು ಬಹಳ ಗಂಭೀರವಾಗಿ ಹೇಳಿದಳು:

"ಇದು ನಂಗೆ ಅತ್ತೆ ಆಗೋರ ಥರ. ಎಲ್ಲಾ ಸರಿಯಾಗಿದೆ. ಉಸಿರು ಮಾತ್ರ ಕಟ್ಟುತ್ತೆ."

ಕುನಿಯೊ ನಗಬಾರದೆಂದು ತುಟಿ ಕಚ್ಚಿ, ಇಲ್ಲದ ಧೂಳನ್ನು ಒರೆಸಿದನು.

ರೆಕಾರ್ಡು ಸುತ್ತುವ ಪೆಟ್ಟಿಗೆಯ ಮುಚ್ಚಳವು ನಸುಗಪ್ಪು ಗಾಜಿನಂತಿತ್ತು. ಹಾಡು ನಡೆಯುವಾಗ ಅವನು ಮುಳ್ಳಿನ ಕಡೆ ನೋಡುವವನಂತೆ ಬಗ್ಗಿ ಆ ಮುಚ್ಚಳದಲ್ಲಿ ಅವಳ ಮುಖವನ್ನು ನೋಡುವುದನ್ನು ಕಲಿತನು. ವಾಲ್ವುಗಳ ಕೆಂಡದಂಥ ಬೆಳಕು ಅವಳ ಗಲ್ಲದ ಅಡಿಯಲ್ಲಿ ನಿಂತಿರುತ್ತಿತ್ತು. ಕಿವಿಯ ಹಿಂದಕ್ಕೆ ಸೇರಿಸಿದ ಕೂದಲ ಎಳೆಯೊಂದು ಹಾಡಿನ ಏರಿಗೆ ಸರಿಯಾಗಿ ಜಾರಿ ಬೀಳುತ್ತಿತ್ತು. ಹಾಗೆ ನೋಡುತ್ತಿದ್ದ ಒಂದು ಮಧ್ಯಾಹ್ನ, ಅವಳ ಕಣ್ಣುಗಳು ಅದೇ ಮುಚ್ಚಳದಲ್ಲಿ ತನ್ನನ್ನು ಆಗಲೇ ನೋಡುತ್ತಿರುವುದನ್ನು ಕಂಡು, ಅವನ ಕೈ ತಗುಲಿ ಮುಳ್ಳು ಒಂದು ಗೆರೆ ಹಾರಿತು. ಗಾಯಕಿ ಒಂದು ಉಸಿರು ನುಂಗಿ ಮುಂದಕ್ಕೆ ಹೋದಳು.

ಗಿರಣಿಯ ಹೆಂಗಸರು ಮಗ್ಗದ ಸದ್ದಿನಲ್ಲಿ ದನಿಯಿಲ್ಲದೆ, ತುಟಿಯಿಂದಲೇ ಮಾತನಾಡುತ್ತಾರೆ. ಚಿಜುರು ಅವರ ಮಡಿಲಲ್ಲಿ ಬೆಳೆದವಳು. ಹಾಡಿನ ನಡುವೆ ಮಾತು ಕೂಡದೆಂಬ ಅಂಗಡಿಯ ಕಟ್ಟಳೆಯನ್ನು ಮೀರದೆಯೇ ಮೀರುವ ಉಪಾಯ ಅವಳಿಗೆ ಸಿಕ್ಕಿತು. ಮೊದಮೊದಲು ಕುನಿಯೊಗೆ ಏನೂ ತಿಳಿಯಲಿಲ್ಲ. ಅವಳು ಮಕ್ಕಳಿಗೆ ಕಲಿಸುವ ಹಾಗೆ ಕಲಿಸಿದಳು: ಇದು ಮಳೆ, ಇದು ಕಾಫಿ, ಇದು ಸಾಕು, ಇದು ಇನ್ನೂ ಬೇಕು. ಅವನು ಅವಳ ತುಟಿಯಿಂದ ಇಡಿಯಾಗಿ ಓದಿದ ಮೊದಲನೆಯ ವಾಕ್ಯ, ಅಂಗಿಯ ಗುಂಡಿಯನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದೀರಿ ಎಂಬುದು. ಅಂದು ಅವನು ಹಾಡು ಮುಗಿಯುವವರೆಗೂ ಕೈಯಿಂದ ಎದೆ ಮುಚ್ಚಿಕೊಂಡು ಕುಳಿತಿದ್ದನು.

ಆದರೆ ಆಯ್ಕೆಯೆಂಬುದು ಒಂದು ದಿನ ಮುಗಿಯಲೇಬೇಕು. ಅದು ಮುಗಿದರೆ ಶನಿವಾರಗಳೂ ಮುಗಿಯುತ್ತವೆ. ಇದು ಅವನಿಗೆ ಹೊಳೆದ ದಿನದಿಂದ ಒಳ್ಳೆಯ ಆಂಪ್ಲಿಫೈಯರುಗಳಲ್ಲೆಲ್ಲ ದೋಷಗಳು ಹುಟ್ಟತೊಡಗಿದವು. ಒಂದರಲ್ಲಿ ಮಂದ್ರ ಸಡಿಲವೆಂದನು. ಒಂದರಲ್ಲಿ ತಾರ ಒಣಕಲೆಂದನು. ಊರೆಲ್ಲ ಹೊಗಳುವ ಒಂದನ್ನು ಅವಳು ಕಣ್ಣು ಮುಚ್ಚಿ ಕೇಳಿ, ಮೆಲ್ಲಗೆ ಕೇಳಿದಳು:

"ಅಸಾಯಿ ಅವ್ರೇ, ಇದ್ರಲ್ಲಿ ಏನೂ ತಪ್ಪಿಲ್ಲ, ಅಲ್ವಾ?"

"ಇದೆ. ಕೆಳಗಡೆ ಸಣ್ಣಗೆ ಗುಂಯ್ ಅಂತಿದೆ, ಕೇಳಿಸ್ತಿಲ್ವಾ?"

"ಅದು ಹೊರಗಡೆ ಟ್ರಾಮು."

"ಹಾಗಾದ್ರೆ ಟ್ರಾಮು ಹೋಗ್ಲಿ. ಇನ್ನೊಂದ್ಸಲ ನೋಡೋಣ."

"ಅದರ ಹಿಂದೆ ಇನ್ನೊಂದು ಟ್ರಾಮು ಬರುತ್ತೆ," ಎಂದಳು ಅವಳು. ಅವಳ ಕಣ್ಣಿನಲ್ಲಿ ನಗೆಯೂ ಇತ್ತು, ನಗೆಯ ಹಿಂದೆ ಬೇರೆ ಏನೋ ಇತ್ತು. "ಬರ್ಲಿ. ಮುಂದಿನ ವಾರ ನೋಡೋಣ."

ಇಬ್ಬರೂ ಸೇರಿ ಆಡುತ್ತಿದ್ದ ಆ ಸುಳ್ಳನ್ನು ಇಬ್ಬರೂ ಬಲ್ಲರು. ಬಲ್ಲೆವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಗಂಡು ಇನುಯಾಮಾದ ಒಗುರಿ ಮನೆತನದವನು. ಅಕ್ಕಿಮದ್ಯ ತಯಾರಿಸುವ ಹಳೆಯ ಮನೆ. ಅವನು ಒಮ್ಮೆ ತಾನಾಗಿ ಅಂಗಡಿಗೆ ಬಂದನು. ದುಷ್ಟನೇನಲ್ಲ, ಬಾಗಿ ವಂದಿಸಿ, ಬೇರೆಯವರ ಹೊತ್ತು ಹಾಳುಮಾಡುತ್ತಿರುವುದಕ್ಕೆ ಕ್ಷಮೆ ಕೇಳಿ, ಪೆಟ್ಟಿಗೆಗಳ ಅಗಲವನ್ನು ಟೇಪು ಹಿಡಿದು ಅಳೆದನು. ಅತಿಥಿಗಳ ಕೋಣೆಯಲ್ಲಿ ಇಡಿಸುವುದಾಗಿಯೂ, ಮೇಲೆ ಹೊದಿಸಲು ತಾಯಿ ಲೇಸಿನ ಬಟ್ಟೆಯನ್ನು ಆಗಲೇ ಹೆಣೆಯುತ್ತಿರುವುದಾಗಿಯೂ ತಿಳಿಸಿದನು. ತಾಯಿಗೆ ತಲೆಶೂಲೆ ಇರುವುದರಿಂದ ದಿನವೂ ಹಾಕುವಂತಿಲ್ಲ. ಹೊಸ ವರ್ಷಕ್ಕೆ ನೆಂಟರು ಬಂದಾಗ ಒಮ್ಮೆ ಹಾಕಬಹುದು. ಆ ಒಳ್ಳೆಯತನದಲ್ಲಿ ಹಗೆಗೆ ಒಂದು ಬಿರುಕೂ ಇರಲಿಲ್ಲ. ಅವನು ಹೋದ ಮೇಲೆ ಕುನಿಯೊ ತನ್ನ ಸ್ಪೀಕರುಗಳ ಮುಂದೆ ಮಂಡಿಯೂರಿ ಕುಳಿತನು. ಸಮುದ್ರದ ಕೆಸರಿನಿಂದ ಎತ್ತಿ ತಂದದ್ದನ್ನು ಲೇಸಿನ ಬಟ್ಟೆಯ ಕೆಳಗೆ ಮುಳುಗಿಸಲು ತಾನೇ ಕೊಡುತ್ತಿದ್ದೇನೆ. ಮುಳುಗುವುದು ಸ್ಪೀಕರುಗಳು ಮಾತ್ರವಲ್ಲ.

ಒಲ್ಲೆನೆಂದು ಏಕೆ ಹೇಳಬಾರದೆಂದು ಅವನು ಅವಳನ್ನು ನೇರವಾಗಿ ಕೇಳಲಿಲ್ಲ. ಸುತ್ತಿ ಬಳಸಿ ಕೇಳಿದನು. ಅವಳು ಸುತ್ತದೆಯೇ ಉತ್ತರಿಸಿದಳು. ಗಿರಣಿಯ ಮಗ್ಗಗಳನ್ನು ಒಡೆಯಲು ದಿನ ಗೊತ್ತಾಗಿತ್ತು. ಅದಕ್ಕೆ ಮೊದಲು, ತಾನಿನ್ನೂ ಗಿರಣಿಯ ಯಜಮಾನನಾಗಿರುವಾಗಲೇ, ಮಗಳ ಲಾರಿ ತುಂಬಿ ಹೊರಡಬೇಕೆಂಬುದು ತಂದೆಯ ಆಸೆ.

"ಅಪ್ಪ ನನ್ನ ಹತ್ರ ಇದುವರೆಗೂ ಏನೂ ಕೇಳಿಲ್ಲ. ಕೇಳಿದ್ದು ಇದೊಂದೇ. ನಾನಾಗಿ ಹೇಗೆ ಇಲ್ಲ ಅನ್ಲಿ?"

ಕುನಿಯೊ ತಲೆಯಾಡಿಸಿದನು. ಗೆಂಜೊ ಮಗಳನ್ನು ಒಬ್ಬಳೇ ಈ ಅಂಗಡಿಗೆ ಕಳುಹಿಸಿದ್ದು ತನ್ನ ಮೇಲಿನ ನಂಬಿಕೆಯಿಂದ. ಚಳಿಗಾಲ ಬಂತೆಂದು ತನ್ನ ಗಿರಣಿಯ ಉಣ್ಣೆಬಟ್ಟೆಯ ಕೋಟನ್ನೂ ಹೊಲಿಸಿ ಕಳುಹಿಸಿದ್ದನು. ಆ ಕೋಟನ್ನು ತೊಟ್ಟು ಆ ಮನೆಯ ಮಾನಕ್ಕೆ ಅಡ್ಡ ನಿಲ್ಲುವುದು ಹೇಗೆ?

ಕೊನೆಗೆ ಅವನು ತಾನೇ ಒಂದು ಆಂಪ್ಲಿಫೈಯರನ್ನು ಕಟ್ಟಿದನು. ಚಿಕ್ಕದು, ಬಲ ಕಡಮೆ. ಹಸುಗೂಸಿಗೆ ಉಣಿಸುವಾಗ ಒಳಲೆಯಲ್ಲಿಯೇ ಉಣಿಸಬೇಕು, ಕೊಡದಿಂದಲ್ಲ. ಆ ಸ್ಪೀಕರುಗಳಿಗೆ ಬೇಕಾದದ್ದು ಅಷ್ಟೇ ಎಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಇಷ್ಟು ಸಣ್ಣದೇ ಎಂದು, ಮಗಳೊಡನೆ ಅದನ್ನು ನೋಡಲು ಬಂದ ಗೆಂಜೊ ಮುಖ ಸಿಂಡರಿಸಿದನು. ವಾಲ್ವುಗಳು ಕೆಂಪೇರಿದ್ದನ್ನು ಕಂಡ ಮೇಲೆ, ದೀಪವಂತೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು, ಮಗಳನ್ನು ಬಿಟ್ಟು ನೂಲಿನ ವ್ಯಾಪಾರಿಯನ್ನು ನೋಡಲು ಹೊರಟುಹೋದನು.

ಅದೇ ಕಡೆಯ ಶನಿವಾರ.

ಮುಳ್ಳು ಇಳಿಯಿತು. ಗಾಯಕಿ ಬಾಯಿ ತೆರೆಯುವ ಮೊದಲಿನ ಉಸಿರು ಕೇಳಿಸಿತು. ಅನಂತರ ದನಿ ಬಂದಿತು. ಸ್ಪೀಕರಿನಿಂದಲ್ಲ, ಅವರಿಬ್ಬರ ನಡುವೆ ಚಾಪೆಯ ಮೇಲೆ ಕುಳಿತವಳೊಬ್ಬಳ ಎದೆಯಿಂದ ಬಂದಂತೆ ಬಂದಿತು. ದೋಷ ಹುಡುಕಲು ಎಡೆಯಿರಲಿಲ್ಲ. ಕಾಯೋಣವೆನ್ನಲು ಹೊರಗೆ ಟ್ರಾಮು ಕೂಡ ಬರಲಿಲ್ಲ. ಕುನಿಯೊ ಮುಚ್ಚಳದ ಕಪ್ಪಿನಲ್ಲಿ ನೋಡಿದನು. ಚಿಜುರು ಅಳುತ್ತಿರಲಿಲ್ಲ. ನೆಟ್ಟಗೆ ಕುಳಿತು, ಅವನ ಪ್ರತಿಬಿಂಬವನ್ನೇ ನೋಡುತ್ತ, ತುಟಿಯನ್ನು ನಿಧಾನವಾಗಿ, ಪಾಠ ಹೇಳಿಕೊಡುವಷ್ಟು ನಿಧಾನವಾಗಿ ಅಲುಗಿಸಿದಳು.

ಹೋಗಬೇಡ ಅಂತ ಹೇಳಿ.

ಅವನಿಗೆ ಅರ್ಥವಾಯಿತು. ಒಂದೊಂದು ಅಕ್ಷರವೂ ಅರ್ಥವಾಯಿತು. ಅರ್ಥವಾದವನು ಕಣ್ಣು ತಗ್ಗಿಸಿ, ತಿರುಗಿಸಬೇಕಾಗಿಲ್ಲದ ಗುಂಡಿಯೊಂದನ್ನು ತಿರುಗಿಸಿದನು.

ಹಾಡು ಮುಗಿದ ಮೇಲೆ ಕುನಿಯೊ, ಏನೋ ಹೇಳಿದಿರಿ, ತಿಳಿಯಲಿಲ್ಲ ಎಂದನು. ಅವಳು ಬಟ್ಟೆಯ ಗಂಟು ಕಟ್ಟಿಕೊಳ್ಳುತ್ತ, ಮುಖವೆತ್ತದೆ ಹೇಳಿದಳು:

"ಏನಿಲ್ಲ. ಇವತ್ತು ಗುಂಡಿ ಸರಿಯಾಗಿ ಹಾಕೊಂಡಿದೀರಿ ಅಂದೆ."

ಸಾಮಾನು ಹೊರಡುವ ದಿನ ಪಂಚಾಂಗದಲ್ಲಿ ಅತಿ ಶುಭವಾದ ದಿನ. ಮಾಗಿಯ ಬಿಸಿಲು ಗಾಜಿನಂತೆ ತಿಳಿಯಾಗಿತ್ತು. ಬೀರುಗಳ ಮುಂದೆ ಎಲ್ಲರಿಗೂ ಕಾಣುವಂತೆ ಸ್ಪೀಕರುಗಳನ್ನು ನಿಲ್ಲಿಸಿ ಹಗ್ಗ ಬಿಗಿದಿದ್ದರು. ವಾಲ್ವುಗಳು ಕುಲುಕಾಟ ತಾಳಲಾರವೆಂದು ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುನಿಯೊ ಡ್ರೈವರಿನ ಪಕ್ಕದಲ್ಲಿ ಕುಳಿತನು. ಸ್ಪೀಕರುಗಳನ್ನು ಕೋಣೆಯಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದನ್ನು ಕೇಳುವವರ ಕಿವಿಯೇ ಗೊತ್ತುಮಾಡಬೇಕೆಂದು ಚಿಜುರು ಹಟ ಹಿಡಿದಿದ್ದಳು. ಹಾಗಾಗಿ, ಪದ್ಧತಿಯಲ್ಲದಿದ್ದರೂ, ತಂದೆಯೊಡನೆಯೂ ಮದುವೆ ಕುದುರಿಸಿದ ಹೆಂಗಸಿನೊಡನೆಯೂ ಹಿಂದಿನ ಕಾರಿನಲ್ಲಿ ಬರುತ್ತಿದ್ದಳು.

ದಾರಿಯುದ್ದಕ್ಕೂ ಗಾಡಿಗಳು ಗೌರವದಿಂದ ಸರಿದವು. ಕುನಿಯೊಗೆ ಪ್ರತಿಯೊಂದು ಗಾಡಿಯ ಮೇಲೂ ಸಿಟ್ಟು ಬಂದಿತು. ಯಾರಾದರೂ ಒಬ್ಬ ಮೊಂಡನು ದಾರಿ ಬಿಡದೆ ನಿಲ್ಲಬಾರದೇ ಎಂದು ಅವನು ಒಳಗೊಳಗೇ ಬೇಡಿಕೊಳ್ಳುತ್ತಿದ್ದನು. ಬೇಡಿಕೊಂಡದ್ದು ಕೈಗೂಡಬಹುದೆಂದು ಮಾತ್ರ ಎಣಿಸಿರಲಿಲ್ಲ.

ಇನುಯಾಮಾದ ಹಳೆಯ ಕೋಟೆಪೇಟೆಯಲ್ಲಿ, ಎರಡು ಕಡೆಗೂ ಸುಣ್ಣದ ಉಗ್ರಾಣಗಳಿರುವ, ಒಂದೇ ಲಾರಿ ಹಿಡಿಯುವ ಓಣಿಯ ನಡುವೆ ಡ್ರೈವರನು ಬ್ರೇಕು ಹಾಕಿದನು. ಎದುರಿಗೆ ಇನ್ನೊಂದು ಲಾರಿ ನಿಂತಿತ್ತು. ಅದಕ್ಕೂ ಕೆಂಪು ಬಿಳಿ ಪಟ್ಟೆಯ ಪರದೆ.

"ಮೂವತ್ತು ವರ್ಷದಿಂದ ಇದನ್ನ ಓಡಿಸ್ತಿದೀನಿ," ಎಂದನು ಡ್ರೈವರು, ಎಂಜಿನ್ನು ಆರಿಸುತ್ತ. "ಪಂಚಾಂಗ ಬರೆಯೋನು ಓಣಿ ಅಗಲ ನೋಡಲ್ಲ."

ಶುಭದಿನ ಎಲ್ಲರಿಗೂ ಒಂದೇ. ಇಬ್ಬರು ಹೆಣ್ಣುಮಕ್ಕಳ ಮಾನ ಓಣಿಯಲ್ಲಿ ಮೂತಿಗೆ ಮೂತಿ ಕೊಟ್ಟು ನಿಂತಿತು; ಎರಡೂ ಹಿಂದೆ ಸರಿಯುವಂತಿಲ್ಲ. ಮದುವೆ ಕುದುರಿಸಿದ ಹೆಂಗಸು ಕಾಣಿಕೆಯ ಲಕೋಟೆ ಹಿಡಿದು ಮುಂದಕ್ಕೆ ಓಡಿದಳು. ಆ ಕಡೆಯಿಂದಲೂ ಲಕೋಟೆ ಹಿಡಿದೇ ಬಂದರು. ಇವಳು ಬಾಗಿದಳು, ಅವರು ಇನ್ನೂ ಕೆಳಕ್ಕೆ ಬಾಗಿದರು. ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಸಾಮಾನು ಇಳಿಸಿ ಕೈಯಲ್ಲಿ ದಾಟಿಸಿರೆಂದು ಮಹಡಿಯ ಕಿಟಕಿಯಿಂದ ಯಾರೋ ಬುದ್ಧಿ ಹೇಳಿದರು. ಗಂಡಿನ ಬಾಗಿಲು ಸೇರುವ ಮೊದಲೇ ಮಣ್ಣು ಮುಟ್ಟಿದ ಸಾಮಾನು ಹೆಣದ ಸಾಮಾನೆಂದು ಎರಡು ಕಡೆಯವರೂ ಒಂದೇ ಬಾಯಲ್ಲಿ ಗದರಿದರು. ಅಂದು ಅವರು ಒಪ್ಪಿದ ಮಾತು ಅದೊಂದೇ.

ಆಗ ಎದುರು ಲಾರಿಯಿಂದ ಹೆಣ್ಣಿನ ತಾಯಿ ಇಳಿದು ಬಂದಳು. ಬಡಕಲು ಹೆಂಗಸು. ಅವಳ ಲಾರಿಯಲ್ಲಿ ಇದ್ದದ್ದು ಒಂದೇ ಬೀರು. ಅವಳು ಗೆಂಜೊನ ಕಾರಿನ ಮುಂದೆ ನೆಲಕ್ಕೆ ಕುಸಿದು ಹಣೆ ಹಚ್ಚಿದಳು. ಅವಳ ಹಿರಿಯ ಮಗಳ ಲಾರಿ ಸೇತುವೆಯ ಏರಿನಲ್ಲಿ ಹಿಂದಕ್ಕೆ ಜಾರಿತ್ತಂತೆ. ವರ್ಷ ತುಂಬುವುದರೊಳಗೆ ಆ ಮಗಳು ಬಟ್ಟೆಯ ಗಂಟಿನೊಡನೆ ತವರಿಗೆ ಬಂದಳಂತೆ. ಈ ಕಿರಿಯ ಮಗಳಿಗೂ ಹಾಗಾದರೆ ತಾನು ಉಳಿಯುವುದಿಲ್ಲವೆಂದು ಹೇಳಿ, ನೆಲದಿಂದ ಹಣೆಯೆತ್ತದೆ ಅಲ್ಲಿಯೇ ಇದ್ದಳು.

ಗೆಂಜೊ ಮುಖ ತಿರುಗಿಸಿದನು. ಮಗ್ಗಗಳನ್ನು ಕಳೆದುಕೊಳ್ಳಲಿದ್ದ ಅವನಿಗೂ ಹಿಂದೆ ಸರಿಯಲು ಎಡೆ ಉಳಿದಿರಲಿಲ್ಲ.

ಚಿಜುರು ಕಾರಿನಿಂದ ಇಳಿದಳು. ಆ ತಾಯಿಯನ್ನು ಹಿಡಿದೆತ್ತಿ ನಿಲ್ಲಿಸಿ, ಅವಳ ಮೊಣಕಾಲಿನ ಧೂಳು ಕೊಡವಿ, ಸುಣ್ಣದ ಗೋಡೆಗೂ ಲಾರಿಗೂ ನಡುವೆ ಓರೆಯಾಗಿ ನುಸುಳಿಕೊಂಡು ಕುನಿಯೊ ಕುಳಿತಿದ್ದ ಕಿಟಕಿಯ ಬಳಿಗೆ ಬಂದಳು. ಅವಳ ಮುಖ ಕಾಗದದಂತೆ ಬಿಳುಪೇರಿತ್ತು.

"ಅವತ್ತು ನಾನು ಹೇಳಿದ್ದು ನಿಮಗೆ ಅರ್ಥ ಆಗಿತ್ತು."

"ಆಗಿತ್ತು."

"ಈ ಲಾರಿ ಒಂದು ಸಲ ಮುಂದೆ ಹೋದ್ರೆ ಆಮೇಲೆ ನಾನು ನಿಮ್ಮನ್ನ ಏನೂ ಕೇಳಲ್ಲ. ಮನಸಲ್ಲೂ ಕೇಳಲ್ಲ. ಹೊಸ ವರ್ಷಕ್ಕೆ ಒಂದ್ಸಲ ಹಾಡು ಹಾಕ್ತೀನಿ, ಲೇಸು ಮುಚ್ತೀನಿ." ಅವಳು ಕಿಟಕಿಯ ಅಂಚನ್ನು ಹಿಡಿದಳು. "ನನಗೆ ಇಲ್ಲ ಅನ್ನೋಕಾಗಲ್ಲ. ನಿಮಗಾಗುತ್ತೆ."

ಕುನಿಯೊ ಬಾಗಿಲು ತೆರೆಯಲು ನೋಡಿದನು; ಗೋಡೆಗೆ ತಗುಲಿ ಅದು ಅರ್ಧವೇ ತೆರೆಯಿತು. ಆಂಪ್ಲಿಫೈಯರನ್ನು ಎದೆಗವಚಿಕೊಂಡೇ ಆ ಸಂದಿನಲ್ಲಿ ತೂರಿ ಕೆಳಗಿಳಿದನು. ಕೋಟಿನ ತೋಳು ಮೊಳೆಗೆ ಸಿಕ್ಕಿ ಹರಿಯಿತು. ಹಿಂದಕ್ಕೆ ನಡೆದು, ಕಾರಿನಿಂದ ಇಳಿದು ನಿಂತಿದ್ದ ಗೆಂಜೊನ ಮುಂದೆ ನಿಂತನು. ಆ ಓಣಿಯಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು. ಅವನು ತಲೆ ತಗ್ಗಿಸಿ, ಒಗುರಿ ಮನೆಗೆ ಚಿಜುರು ಅವರನ್ನು ಕಳುಹಿಸಬೇಡಿರೆಂದು ಮೊದಲುಮಾಡಿ, ತನಗೂ ಕೇಳಿಸದ ದನಿಯಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿದನು.

"ಏನಂತೆ?" ಎಂದನು ಗೆಂಜೊ. "ನೆಲದ ಹತ್ರ ಮಾತಾಡಿದ್ರೆ ನಂಗೆ ಹೇಗಪ್ಪಾ ಗೊತ್ತಾಗ್ಬೇಕು? ತಲೆ ಎತ್ತು. ಜೋರಾಗಿ ಹೇಳು."

ಬದುಕಿನಲ್ಲಿ ಒಮ್ಮೆಯೂ ದನಿಯೇರಿಸದಿದ್ದ ಮನುಷ್ಯನು, ಕಿರುಚದೆ ಕೇಳಿಸುವುದನ್ನೇ ಕಸುಬು ಮಾಡಿಕೊಂಡವನು, ತಲೆಯೆತ್ತಿ ಕೂಗಿದನು.

"ನಿಮ್ಮ ಮಗಳು ಹೋಗೋದು ಬೇಡ. ನನ್ನ ಜೊತೆ ಇರ್ಲಿ. ಅವ್ರನ್ನ ಬಿಟ್ಟು ನನ್ನಿಂದ ಬದುಕೋಕಾಗಲ್ಲ."

ಸುಣ್ಣದ ಗೋಡೆಗಳು ಅದನ್ನು ಹಿಡಿದು ಓಣಿಯ ಕೊನೆಯವರೆಗೂ ದಾಟಿಸಿದವು. ಮದುವೆ ಕುದುರಿಸಿದ ಹೆಂಗಸು ಕೈಯಲ್ಲಿದ್ದ ಲಕೋಟೆಯಿಂದಲೇ ಮುಖ ಮುಚ್ಚಿಕೊಂಡಳು. ಎದುರು ಲಾರಿಯ ತಾಯಿ ಅಳುವುದನ್ನು ಮರೆತು ನಿಂತಳು.

ಗೆಂಜೊ ತಾನು ಕೊಟ್ಟ ಕೋಟಿನ ಹರಿದ ತೋಳನ್ನು ನೋಡಿದನು. ಆ ಮನುಷ್ಯನ ತೋಳುಗಳಲ್ಲಿ ಮಗುವಿನಂತೆ ಇದ್ದ ಪೆಟ್ಟಿಗೆಯನ್ನು ನೋಡಿದನು. ಕಡೆಗೆ ಮಗಳನ್ನು ನೋಡಿದನು. ಹುಬ್ಬನ್ನು ಸ್ವಲ್ಪ ಎತ್ತಿದನು. ಮಗ್ಗಗಳ ನಡುವೆ ಮಗಳನ್ನು ಏನಾದರೂ ಕೇಳಬೇಕಾದಾಗ ಅವನು ಎತ್ತುತ್ತಿದ್ದದ್ದು ಹಾಗೆಯೇ.

ಚಿಜುರು ತುಟಿ ಅಲುಗಿಸಿದಳು. ದನಿ ಬರಲಿಲ್ಲ. ಅವಳು ಕುನಿಯೊಗೆ ಬೆನ್ನು ಮಾಡಿ ನಿಂತಿದ್ದುದರಿಂದ ಅವಳು ತಂದೆಗೆ ಹೇಳಿದ್ದೇನೆಂಬುದು ಅವನಿಗೆ ತಿಳಿಯಲಿಲ್ಲ; ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಆ ಮಾತು ಸಣ್ಣದಾಗಿರಲಿಲ್ಲ, ಏಕೆಂದರೆ ಅದು ಮುಗಿಯುವವರೆಗೆ ಗೆಂಜೊನ ಗಲ್ಲ ನಡುಗುತ್ತಲೇ ಇತ್ತು.

ಅವನು ಟೋಪಿ ತೆಗೆದು ಎದುರು ಲಾರಿಯ ತಾಯಿಗೆ ಬಾಗಿದನು. ಆಮೇಲೆ ಡ್ರೈವರಿನ ಕಡೆ ತಿರುಗಿ, ಮೊದಲ ಸಲ ತಗ್ಗಿದ ದನಿಯಲ್ಲಿ, ಹೇಳಿದನು:

"ಹಿಂದಕ್ಕೆ ತಗೊಳ್ಳಪ್ಪ."

ತಾನು ಕೇಳಿದ್ದು ನಿಜವೇ ಎಂದು ಡ್ರೈವರು ಕುನಿಯೊನನ್ನು ನೋಡಿದನು, ಚಿಜುರುವನ್ನು ನೋಡಿದನು. ಮದುವೆ ಲಾರಿಯಲ್ಲಿ ಆ ಗೇರು ಹಾಕಿ ಅಭ್ಯಾಸವಿಲ್ಲವೆಂದು ಗೊಣಗಿದನು. ಮೊದಲು ಕಾರು ಸರಿಯಿತು. ಅದರೊಳಗೆ ಗೆಂಜೊ ನೇರವಾಗಿ ಮುಂದಕ್ಕೇ ನೋಡುತ್ತ ಕುಳಿತಿದ್ದನು. ಇಂದೇ ಒಗುರಿ ಮನೆಯ ಅಂಗಳದಲ್ಲಿ ಮಂಡಿಯೂರಿ ಕ್ಷಮೆ ಕೇಳಬೇಕು, ಊರು ನಗುತ್ತದೆ, ಮಗ್ಗಗಳ ಸದ್ದು ನಿಂತ ಮನೆಯಲ್ಲಿ ಆ ನಗೆ ಬಹಳ ದಿನ ಕೇಳಿಸುತ್ತದೆ. ಆ ಅಂಗಳಕ್ಕೆ ತಾನೂ ಬರುತ್ತೇನೆ, ಮೊದಲು ತಾನೇ ಮಂಡಿಯೂರುತ್ತೇನೆ ಎಂದು ಕುನಿಯೊ ಕಾರಿನ ಕಿಟಕಿಗೆ ಬಗ್ಗಿ ತುಟಿ ಬಿಡಿಸಿ ಹೇಳಿದ್ದನು. ಗೆಂಜೊ ಅವನ ತುಟಿಯನ್ನು ಕೊನೆಯವರೆಗೂ ಓದಿದ್ದನು.

ಚಿಜುರು ಕಾರಿಗೆ ಹೋಗದೆ ಲಾರಿ ಏರಿ, ಡ್ರೈವರಿಗೂ ಕುನಿಯೊಗೂ ನಡುವೆ ಕುಳಿತಳು. ಲಾರಿ ನಡುಗಿ, ಕೆಂಪು ಬಿಳಿ ಪರದೆಯನ್ನು ಗೋಡೆಗೆ ಉಜ್ಜಿಕೊಳ್ಳುತ್ತ, ಅಂಗುಲ ಅಂಗುಲವಾಗಿ ಹಿಂದಕ್ಕೆ ಹೊರಟಿತು. ಎದುರಿನ ಲಾರಿ ಅಷ್ಟಷ್ಟೇ ಮುಂದೆ ಬಂದಿತು. ಅದರ ಮುಂದೆ ನಡೆಯುತ್ತಿದ್ದ ಆ ಬಡಕಲು ತಾಯಿ ಪ್ರತಿ ಎರಡು ಹೆಜ್ಜೆಗೊಮ್ಮೆ ನಿಂತು ಇವರಿಗೆ ಬಾಗುತ್ತಿದ್ದಳು.

ಕುನಿಯೊನ ಕೈಗಳು ಪೆಟ್ಟಿಗೆಯ ಮೇಲಿದ್ದವು. ಅವುಗಳ ಮೇಲೆ ಒಂದು ತಣ್ಣನೆಯ ಕೈ ಬಂದು ಕುಳಿತಿತು. ಡ್ರೈವರನು ಕನ್ನಡಿಯನ್ನು ಅತಿ ಶ್ರದ್ಧೆಯಿಂದ ನೋಡತೊಡಗಿದನು.

"ಕುನಿಯೊ ಅವ್ರೇ," ಎಂದಳು ಅವಳು. ಮನೆತನದ ಹೆಸರು ಬಿಟ್ಟು ಅವನ ಸ್ವಂತ ಹೆಸರನ್ನು ಅವಳು ಹಿಡಿದದ್ದು ಅದೇ ಮೊದಲು. "ನೀವು ಕೂಗಿದ್ದು ಅಪ್ಪನಿಗೆ. ಓಣಿಗೆಲ್ಲ ಕೇಳಿಸ್ತು. ನನಗೆ ಅಂತ ಇನ್ನೂ ಹೇಳಿಲ್ಲ."

ಅವನು ಅವಳ ಕಡೆ ತಿರುಗಿದನು.

"ಇನ್ನೊಂದ್ಸಲ ಹೇಳಿ," ಎಂದಳು. "ಈ ಸಲ ಮೆಲ್ಲಗೆ."